ಗುಜರಿ ಪಂಡಿತರಿಗೊಂದು ಉತ್ತರ

ಕಳೆದ ಒಂದು ವರ್ಷದಲ್ಲಿ ನನಗೆ ಅತಿ ಹೆಚ್ಚು ಸಿಕ್ಕ ಪುಕ್ಕಟೆ ಸಲಹೆ ಅಂದ್ರೆ ಇದು: "ಗುಜರಿಗೆ ಹಾಕು ಮಾರಾಯ." 'ಮದುವೆ ಆಗು' ಅನ್ನೋ ಸಲಹೆ ಎರಡನೇ ಸ್ಥಾನಕ್ಕೆ ಇಳಿದಿದೆ ಅಂದರೆ ನೀವೇ ಅಂದಾಜು ಮಾಡಿಕೊಳ್ಳಿ :-)

ಗುಜರಿಗೆ ಹೋಗಬೇಕಾದ ಆರೋಪಿ ನವುಲೆಯ ನಮ್ಮ ಮನೆಯ ಪಕ್ಕದ ಶೀಟಿನ ಶೆಡ್ಡಿನಲ್ಲಿದೆ. ಟಾಟಾ ಎಸ್ಟೇಟ್. 1995ರ ನವೆಂಬರಿನಲ್ಲಿ ರಿಜಿಸ್ಟರ್ ಆದದ್ದು, ಅಪ್ಪ 2001ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಅಪ್ಪ ಹೋದಮೇಲೆ ನಾಲ್ಕು ಮಳೆಗಾಲ ಅದು ಅಲ್ಲೇ ನಿಂತಿತ್ತು. 2025ರಲ್ಲಿ ಏಳು ತಿಂಗಳು ಪ್ರತಿ ಶನಿವಾರ ಬೆಂಗಳೂರಿನಿಂದ ಊರಿಗೆ ಓಡಿ, 1,85,000 ರೂಪಾಯಿ ಖರ್ಚು ಮಾಡಿ ಅದನ್ನು ಮತ್ತೆ ರಸ್ತೆಗೆ ತಂದೆ. ಅವತ್ತಿಂದ ಶುರುವಾಯ್ತು ನೋಡಿ, ನೆಂಟರು, ಆಫೀಸಿನವರು, ಎದುರುಮನೆಯವರು, ಎಲ್ಲರಿಗೂ ನನ್ನ ದುಡ್ಡಿನ ಮೇಲೆ ಎಲ್ಲಿಲ್ಲದ ಕಾಳಜಿ. ಚಿಕ್ಕಪ್ಪನಂತೂ ಒಂದೇ ಮಾತಲ್ಲಿ ಮುಗಿಸಿದರು: "ಸೆಂಟಿಮೆಂಟನ್ನ ಟ್ಯಾಂಕಿಗೆ ಹಾಕಿ ಓಡಿಸೋಕಾಗುತ್ತೇನೋ?"

ಒಬ್ಬೊಬ್ಬರಿಗೂ ಬೇರೆಬೇರೆ ಉತ್ತರ ಕೊಟ್ಟು ಸಾಕಾಗಿದೆ. ಅದಕ್ಕೇ ಒಟ್ಟಿಗೆ ಇಲ್ಲಿ ಬರೆದು ಹಾಕುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಲಿಂಕ್ ಕಳಿಸಿದರಾಯ್ತು.

ಗೊತ್ತಿಲ್ಲದವರಿಗೆ ಮೊದಲು ಗಾಡಿಯ ಪರಿಚಯ. ಟಾಟಾದವರು ಪಿಕಪ್ಪಿನ ವಂಶದಿಂದಲೇ 1991ರಲ್ಲಿ ಸಿಯೆರಾ, 1992ರಲ್ಲಿ ಎಸ್ಟೇಟ್ ತಂದರು. ಕಂಪನಿಯ ಹೆಸರು ಆಗಿನ್ನೂ ಟೆಲ್ಕೋ. ಸ್ಟೇಷನ್ ವ್ಯಾಗನ್ ಅಂದರೆ ಕಾರಿನ ಮಾಡನ್ನು ಹಿಂದಿನ ತನಕ ಎಳೆದು, ಡಿಕ್ಕಿಯನ್ನೂ ಒಳಗೇ ಸೇರಿಸಿದ ಗಾಡಿ. ನಮ್ಮ ದೇಶದಲ್ಲಿ ಈ ಜಾತಿ ಯಾವತ್ತೂ ಉದ್ಧಾರ ಆಗಲಿಲ್ಲ. ಆಮೇಲೆ ಮಾರುತಿಯವರು ಬಲೆನೋ ಆಲ್ಟುರಾ ಅಂತ ತಂದರು, ಟಾಟಾದವರೇ 2004ರಲ್ಲಿ ಇಂಡಿಗೋ ಮರೀನಾ ಬಿಟ್ಟರು. ಎರಡೂ ಹೆಚ್ಚು ದಿನ ನಿಲ್ಲಲಿಲ್ಲ. "ನೋಡೋಕೆ ಆಂಬುಲೆನ್ಸ್ ಥರ ಇದೆ" ಅಂತ ಜನ ಮೂಗು ಮುರಿದರು. ಅದೇ ಜನ ಈಗ ಎಸ್‌ಯುವಿ ಹೆಸರಲ್ಲಿ ಅದರ ಎರಡರಷ್ಟು ದಪ್ಪದ ಡಬ್ಬಕ್ಕೆ ಏಳು ವರ್ಷದ ಸಾಲ ಮಾಡುತ್ತಾರೆ, ಅದು ಬೇರೆ ವಿಷಯ.

ಅಪ್ಪ ಹೈಸ್ಕೂಲ್ ಮೇಷ್ಟ್ರು, ಜೊತೆಗೆ ಒಂದೂವರೆ ಎಕರೆ ಅಡಿಕೆ ತೋಟ. ಸೋಮವಾರದಿಂದ ಶನಿವಾರದ ತನಕ ಕಾರು, ಭಾನುವಾರ ಸೀಟು ಮಡಚಿದರೆ ಅಡಿಕೆ ಚೀಲದ ಲಗೇಜ್ ಗಾಡಿ. ಒಂಬತ್ತು ಜನ ತುಂಬಿಕೊಂಡು ಜೋಗಕ್ಕೆ ಹೋಗಿದ್ದೇವೆ. ಅಪ್ಪೆಮಿಡಿಯ ಭರಣಿ ಒಡೆದು ಉಪ್ಪುನೀರು ಚೆಲ್ಲಿದ ವಾಸನೆ ಹಿಂದಿನ ಮ್ಯಾಟಿನಲ್ಲಿ ಎರಡು ವರ್ಷ ಇತ್ತು. ಅಜ್ಜಿಯ ಸೊಂಟ ಮುರಿದಾಗ ಹಿಂದೆ ಹಾಸಿಗೆ ಹಾಸಿ ಮಲಗಿಸಿಕೊಂಡು ಮಣಿಪಾಲಕ್ಕೆ ಘಟ್ಟ ಇಳಿದದ್ದೂ ಇದರಲ್ಲೇ. (ಆಂಬುಲೆನ್ಸ್ ಥರ ಇದೆ ಅಂದವರು ಪೂರ್ತಿ ಸುಳ್ಳು ಹೇಳಿರಲಿಲ್ಲ ಅನ್ನಿ.)

ಈಗ ವಾದಕ್ಕೆ ಬರೋಣ.

ಗುಜರಿ ಪಂಡಿತರ ಮೊದಲನೇ ಅಸ್ತ್ರ ವಯಸ್ಸು. "ಮೂವತ್ತು ವರ್ಷ ಆಯ್ತಲ್ಲೋ!" ಆಯ್ತು, ಏನೀಗ? ಮೂವತ್ತು ವರ್ಷ ಅನ್ನುವುದು ಒಂದು ತಾರೀಖಿನ ಲೆಕ್ಕ, ಗಾಡಿ ಹೇಗಿದೆ ಅಂತ ಅದು ಹೇಳುವುದಿಲ್ಲ. ಸಾಫ್ಟ್‌ವೇರಿನವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಫೈಲಿನ ಡೇಟ್ ನೋಡಿ ಯಾರೂ ಕೋಡ್ ಡಿಲೀಟ್ ಮಾಡುವುದಿಲ್ಲ. ಟೆಸ್ಟ್ ಓಡಿಸಿ ನೋಡುತ್ತಾರೆ. ಪಾಸಾದರೆ ಮುಟ್ಟುವುದಿಲ್ಲ, ಫೇಲಾದ ಕಡೆ ಸರಿ ಮಾಡುತ್ತಾರೆ. ಎಲ್ಲವನ್ನೂ ಹೊಸದಾಗಿ ಬರೆಯೋಣ ಅಂತ ಹಾರಾಡುವವರು ಸಾಮಾನ್ಯವಾಗಿ ಆರು ತಿಂಗಳ ಹಿಂದೆ ಸೇರಿದವರು!

ಇದನ್ನು ನನಗೆ ಸರಿಯಾಗಿ ತೋರಿಸಿಕೊಟ್ಟವರು ಭದ್ರಾವತಿಯ ಒಬ್ಬ ಟಿಂಕರಿಂಗ್ ಮೇಸ್ತ್ರಿ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ವಿಚಾರಿಸಿದಾಗ ಇಬ್ಬರು ಮೂವರು ಅವರ ಹೆಸರನ್ನೇ ಹೇಳಿದರು. ಅರವತ್ತು ದಾಟಿದೆ, ಮಾತು ಕಡಿಮೆ. ಶೆಡ್ಡಿಗೆ ಬಂದವರು ಗಾಡಿಯ ವರ್ಷ ಕೇಳಲಿಲ್ಲ. ಜೇಬಿನಿಂದ ಒಂದು ಸಣ್ಣ ಸುತ್ತಿಗೆ ತೆಗೆದು ಬಾಡಿಯ ಸುತ್ತ ತಟ್ಟುತ್ತಾ ಹೋದರು. ಗಟ್ಟಿ ತಗಡು ಇದ್ದಲ್ಲಿ 'ಟಣ್' ಅನ್ನುತ್ತೆ. ಹಿಂದೆ ಯಾರೋ ಪುಟ್ಟಿ ಮೆತ್ತಿ ಪೇಂಟ್ ಹೊಡೆದು ಮುಚ್ಚಿದ್ದಲ್ಲಿ 'ಡಬ್' ಅನ್ನುತ್ತೆ. 'ಡಬ್' ಅಂದಲ್ಲೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಆಮೇಲೆ ಡ್ರೈವರ್ ಕಾಲಡಿಯ ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ಒತ್ತಿದರು. ಹಪ್ಪಳಕ್ಕೆ ಚುಚ್ಚಿದ ಹಾಗೆ ಕೆಳಗೆ ಹೋಯಿತು, ನೆಲ ಕಾಣಿಸಿತು.

"ಮಾಡು ನೋಡಿ ಸ್ವಾಮಿ," ಅಂದರು, "ನಿನ್ನೆ ಬಂದಹಾಗಿದೆ."

ಒಂದೇ ಗಾಡಿ, ಒಂದೇ ದಿನ ಕಾರ್ಖಾನೆಯಿಂದ ಹೊರಬಂದ ತಗಡು. ಮಾಡಿಗೆ ಐದು ವರ್ಷ, ನೆಲಕ್ಕೆ ಐವತ್ತು ವರ್ಷ ಆಗಿತ್ತು. ಮಳೆ ಬಿದ್ದದ್ದು ಮಾಡಿನ ಮೇಲೆ, ಆದರೆ ಅಲ್ಲಿ ನೀರು ನಿಲ್ಲುವುದಿಲ್ಲ. ಹಿಂದಿನ ಬಾಗಿಲಿನ ರಬ್ಬರ್ ಬೀಡಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಅಲ್ಲಿಂದ ಒಳಗೆ ಇಳಿದ ನೀರು ಮ್ಯಾಟಿನ ಕೆಳಗೆ ಸೇರಿ, ಒಣಗಲು ದಾರಿಯಿಲ್ಲದೆ ನಾಲ್ಕು ಮಳೆಗಾಲ ಕೂತಿತ್ತು. ಬಾಗಿಲುಗಳ ತಳದಲ್ಲಿ ನೀರು ಹೋಗಲೆಂದೇ ಸಣ್ಣ ತೂತುಗಳಿರುತ್ತವೆ. ನಮ್ಮ ಗಾಡಿಯಲ್ಲಿ ಅವೆಲ್ಲ ಎಲೆ, ಮಣ್ಣು ಸೇರಿ ಕಟ್ಟಿಕೊಂಡಿದ್ದವು. ಗಾಡಿಯನ್ನು ತಿಂದದ್ದು ವಯಸ್ಸಲ್ಲ ಮಾರಾಯ್ರೆ, ನಿಂತ ನೀರು. ಇನ್ನೂರು ಮುನ್ನೂರು ರೂಪಾಯಿಯ ರಬ್ಬರು, ಒಂದು ಹಂಚಿಕಡ್ಡಿ, ಇಷ್ಟರಲ್ಲಿ ತಡೆಯಬಹುದಾದ ರೋಗ.

ಹಳೇ ಗಾಡಿ ಇಟ್ಟುಕೊಂಡವರು ಇದೊಂದನ್ನು ಗಮನಿಸಿ. ತುಕ್ಕಿನ ಮೇಲೆ ಕರೀ ರಬ್ಬರ್ ಕೋಟಿಂಗ್ ಹೊಡೆಸಿ "ಆಂಟಿ-ರಸ್ಟ್ ಆಯ್ತು" ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ತೇವ ಒಳಗೇ ಸಿಕ್ಕಿಬಿದ್ದು, ತಗಡು ಕಣ್ಣಿಗೆ ಕಾಣದ ಹಾಗೆ ಸಾಯುತ್ತದೆ. ನಮ್ಮ ಮೇಸ್ತ್ರಿ ಕೊಳೆತದ್ದನ್ನು ಗಟ್ಟಿ ತಗಡು ಸಿಗುವ ತನಕ ಕತ್ತರಿಸಿ ತೆಗೆದರು. ಹೊಸ ಶೀಟ್ ಬಗ್ಗಿಸಿ ವೆಲ್ಡ್ ಮಾಡಿ, ಉಜ್ಜಿ, ಪ್ರೈಮರ್ ಹೊಡೆದು, ಆಮೇಲೆ ಕೋಟಿಂಗ್. ಒಟ್ಟು ಖರ್ಚಿನಲ್ಲಿ 78,000 ಟಿಂಕರಿಂಗ್ ಮತ್ತು ಪೇಂಟಿಗೇ ಹೋಯಿತು. ಅದರಲ್ಲಿ ಹೊಳಪಿಗೆ ಹೋದದ್ದು ಕಡಿಮೆ, ಯಾರಿಗೂ ಕಾಣದ ತಳಕ್ಕೆ ಹೋದದ್ದೇ ಹೆಚ್ಚು.

ಎರಡನೇ ಅಸ್ತ್ರ, "ಕಾನೂನೇ ಬಿಡಲ್ವಂತೆ!" ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ನಂಬುವವರಿಗೆ ಈ ಪ್ಯಾರಾ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಗಾಡಿ ಪರೀಕ್ಷೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ. 2021ರ ಆಗಸ್ಟಿನಲ್ಲಿ ಬಂತಲ್ಲ ಗುಜರಿ ನೀತಿ, ಅದೂ ಕೂಡ ಖಾಸಗಿ ಗಾಡಿಗೆ ಹೇಳಿದ್ದು ಪರೀಕ್ಷೆಯಲ್ಲಿ ಫೇಲಾದರೆ ಅಂತ. ವಯಸ್ಸು ನೋಡಿಯೇ ನವೀಕರಣ ನಿಲ್ಲಿಸಿದ್ದು 15 ವರ್ಷ ದಾಟಿದ ಸರ್ಕಾರಿ ಗಾಡಿಗಳಿಗೆ, 2023ರ ಏಪ್ರಿಲಿನಿಂದ. ದೆಹಲಿಯ ಕಥೆ ಬೇರೆ. ಅಲ್ಲಿ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗೆ ಬಂಕಿನಲ್ಲಿ ಇಂಧನವನ್ನೇ ಹಾಕಬಾರದು ಅಂತ 2025ರ ಜುಲೈ 1ರಿಂದ ಶುರುಮಾಡಿ, ಕೆಲವೇ ದಿನದಲ್ಲಿ ತಡೆಹಿಡಿದರು. ಆ ಸುದ್ದಿ ನೋಡಿಕೊಂಡು ನವುಲೆಯಲ್ಲಿ ನನ್ನ ಗಾಡಿಗೆ ಮರಣಪತ್ರ ಬರೆಯಬೇಡಿ.

ಹಾಗಂತ ಸರ್ಕಾರದ್ದು ಸರಿ ಅಂತಲೂ ನಾನು ಹೇಳುತ್ತಿಲ್ಲ. ಪುಸ್ತಕದಲ್ಲಿ ಪರೀಕ್ಷೆ ಅಂತ ಇದೆ, ಆದರೆ ಶುಲ್ಕ ವಯಸ್ಸಿನ ಮೇಲಿದೆ. ಕಾರಿನ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲಿನಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ, 20 ವರ್ಷ ದಾಟಿದ ಕಾರಿಗೆ 10,000 ಅಂತ ಅಧಿಸೂಚನೆ ಬಂತು. 2020ರಲ್ಲಿ ಅಪ್ಪ ಆರುನೂರು ಕಟ್ಟಿ ಬಂದ ಕೆಲಸಕ್ಕೆ ನಾನು ಹತ್ತು ಸಾವಿರ ಕಟ್ಟಿದೆ. ಹತ್ತು ಸಾವಿರ ತಗೊಳ್ಳಲಿ, ಆದರೆ ಹತ್ತು ಸಾವಿರ ರೂಪಾಯಿ ಬೆಲೆಯ ಪರೀಕ್ಷೆಯನ್ನೂ ಮಾಡಲಿ ಅನ್ನುವುದು ನನ್ನ ವಾದ. ಗಾಡಿಯನ್ನು ಲಿಫ್ಟಿಗೆ ಏರಿಸಿ ತಳ ನೋಡಲಿ, ನಾಲ್ಕೂ ಚಕ್ರದ ಬ್ರೇಕ್ ಅಳೆಯಲಿ, ಹೊಗೆ ಅಳೆಯಲಿ. ದೇಶದ ಯಾವ ಬ್ರೇಕ್ ಇನ್ಸ್‌ಪೆಕ್ಟರ್ ಬೇಕಾದರೂ ಬಂದು ನನ್ನ ಗಾಡಿಯ ಅಡಿಗೆ ಮಲಗಿ ನೋಡಲಿ, ಚಾಪೆ ನಾನೇ ಹಾಸುತ್ತೇನೆ. ನಿಂತ ನೀರಿನಲ್ಲಿ ಕೊಳೆತ ಎಂಟು ವರ್ಷದ ಗಾಡಿಗೆ ದಂಡವಿಲ್ಲ, ಕಾಪಾಡಿಕೊಂಡ ಮೂವತ್ತು ವರ್ಷದ ಗಾಡಿಗೆ ದಂಡ. ಇದು ಯಾವ ಲೆಕ್ಕ?

ಇನ್ನೊಂದು ತಮಾಷೆ ಕೇಳಿ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಅಂತಲೇ ನಿಯಮ ತಂದಿತು. 'ವಿಎ' ಅಂತ ಬೇರೆ ನಂಬರ್ ಪ್ಲೇಟು, ಹತ್ತು ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ ಶುಲ್ಕ 5,000. ಯಾರಿಗೆ? 50 ವರ್ಷ ದಾಟಿದ ಗಾಡಿಗಳಿಗೆ. ಅಂದರೆ ಐವತ್ತಾದರೆ ಪರಂಪರೆ, ಮೂವತ್ತಾದರೆ ಗುಜರಿ. ಐವತ್ತನೇ ವರ್ಷಕ್ಕೆ ಪರಂಪರೆ ಆಗಬೇಕಾದ ಗಾಡಿ ಮಧ್ಯದ ಇಪ್ಪತ್ತು ವರ್ಷ ಎಲ್ಲಿ ಹೋಗಬೇಕು ಸ್ವಾಮಿ, ಆಕಾಶಕ್ಕಾ? ಜರ್ಮನಿಯಲ್ಲಿ 30 ವರ್ಷ ಆದ, ಮೂಲ ಸ್ಥಿತಿಯಲ್ಲಿ ಚೆನ್ನಾಗಿ ಉಳಿದಿರುವ ಗಾಡಿಗೆ 'ಎಚ್' ಅಕ್ಷರದ ನಂಬರ್ ಪ್ಲೇಟು ಕೊಡುತ್ತಾರೆ. ಹಳೇ ಗಾಡಿಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ ಕೂಡ 30 ವರ್ಷವನ್ನೇ ಗಡಿ ಅಂತ ಇಟ್ಟುಕೊಂಡಿದೆ. ಅಲ್ಲಿ ವಯಸ್ಸಿನ ಜೊತೆ ಸ್ಥಿತಿಯನ್ನೂ ಕೇಳುತ್ತಾರೆ ಅನ್ನುವುದನ್ನು ಮರೆಯಬೇಡಿ. ನಮ್ಮಲ್ಲಿ ರಾಜಮನೆತನದವರ, ಸಿನಿಮಾದವರ ಗ್ಯಾರೇಜಿನ ಗಾಡಿಗೆ ಗೌರವ ಇದೆ. ಮೇಷ್ಟ್ರ ಡೀಸೆಲ್ ಗಾಡಿಗೆ ಇಲ್ಲ.

ಮೂರನೇ ಅಸ್ತ್ರ ಹೊಗೆ. ಇದು ಮಾತ್ರ ತೂಕದ ಪ್ರಶ್ನೆ, ಜೋಕ್ ಮಾಡಿ ತೇಲಿಸುವಂಥದ್ದಲ್ಲ. 1995ರ ಡೀಸೆಲ್ ಇಂಜಿನ್ನು 2020ರಿಂದ ಬಂದ ಬಿಎಸ್-6 ಇಂಜಿನ್ನಿನ ಹತ್ತಿರಕ್ಕೂ ಬರುವುದಿಲ್ಲ. ಒಂದು ಕಿಲೋಮೀಟರಿಗೆ ಇದು ಉಗುಳುವ ಮಸಿ ಹೊಸ ಗಾಡಿಗಿಂತ ಎಷ್ಟೋ ಪಾಲು ಹೆಚ್ಚು. ದಿನಾ ನೂರು ಕಿಲೋಮೀಟರ್ ಓಡಿಸುವವರು ಇಂಥ ಗಾಡಿ ಇಟ್ಟುಕೊಳ್ಳಬಾರದು, ಒಪ್ಪಿದೆ. ಆದರೆ ಮಾಲಿನ್ಯ ಅನ್ನುವುದು ಕಿಲೋಮೀಟರಿಗೆ ಎಷ್ಟು ಅನ್ನುವುದನ್ನು ಎಷ್ಟು ಕಿಲೋಮೀಟರ್ ಅನ್ನುವುದರಿಂದ ಗುಣಿಸಿದಾಗ ಬರುವ ಸಂಖ್ಯೆ. ನಮ್ಮದು ವರ್ಷಕ್ಕೆ ಎರಡೂವರೆ ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಜಾಗವೂ ಲೆಕ್ಕಕ್ಕೆ ಬರಬೇಕು. ದೆಹಲಿಯ ನವೆಂಬರಿನ ಗಾಳಿಯೂ ಸವಳಂಗ ರಸ್ತೆಯ ಗಾಳಿಯೂ ಒಂದೇ ಅಲ್ಲ.

ಹೊಗೆಯಲ್ಲೂ ಎಲ್ಲವೂ ವಯಸ್ಸಿನದಲ್ಲ. ಶೆಡ್ಡಿನಿಂದ ಹೊರಬಂದಾಗ ಇದರ ಹೊಗೆಯ ಅಳತೆ 81 ಹಾರ್ಟ್ರಿಡ್ಜ್ ಬಂದಿತ್ತು. ಈ ಕಾಲದ ಡೀಸೆಲ್ ಗಾಡಿಗೆ ಮಿತಿ 65. ನಾಝಲ್ ಬದಲಾಯಿಸಿ, ಫ್ಯೂಯಲ್ ಪಂಪ್ ಬಿಚ್ಚಿಸಿ ಕ್ಯಾಲಿಬ್ರೇಶನ್ ಮಾಡಿಸಿ, ಏರ್ ಫಿಲ್ಟರ್ ಹೊಸದು ಹಾಕಿದ ಮೇಲೆ ಬಂದದ್ದು 43. ಡೀಸೆಲ್ ಸರಿಯಾಗಿ ಸಿಂಪಡಣೆ ಆಗದೆ ಹನಿಹನಿಯಾಗಿ ಬಿದ್ದರೆ, ಅಥವಾ ಗಾಳಿ ಸಾಲದಿದ್ದರೆ, ಅರೆಬೆಂದು ಕರೀ ಹೊಗೆಯಾಗುತ್ತದೆ. ರಸ್ತೆಯಲ್ಲಿ ನಿಮ್ಮ ಮುಖಕ್ಕೆ ಮಸಿ ಬಳಿಯುವ ಗಾಡಿಗಳಲ್ಲಿ ಎಷ್ಟೋ ನನ್ನದಕ್ಕಿಂತ ಹತ್ತು ಹದಿನೈದು ವರ್ಷ ಚಿಕ್ಕವು. ಬಿಡಿಭಾಗಕ್ಕೂ ತೊಂದರೆ ಆಗಲಿಲ್ಲ. ಇದರ 1948 ಸಿಸಿ ಇಂಜಿನ್ನನ್ನೇ 1994ರಲ್ಲಿ ಬಂದ ಸುಮೋಗೂ ಕೂರಿಸಿದ್ದರು. ಸುಮೋ ಓಡದ ಊರು ಮಲೆನಾಡಿನಲ್ಲಿ ಯಾವುದಿತ್ತು ಹೇಳಿ?

ಸೇಫ್ಟಿ ಬಗ್ಗೆ ಕೇಳುವವರಿಗೆ: ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಹೌದು. ಅದಕ್ಕೇ ಬ್ರೇಕಿಗೆ ಮೊದಲು ದುಡ್ಡು ಹಾಕಿದ್ದು, ಅರವತ್ತರ ಮೇಲೆ ಓಡಿಸದೇ ಇರುವುದು, ತುಮಕೂರು ಹೈವೇಗೆ ಇಳಿಸದೇ ಇರುವುದು.

ಭದ್ರಾವತಿ ಅಂದ ಕೂಡಲೇ ಇನ್ನೊಂದು ನೆನಪಾಗುತ್ತದೆ. ನಮ್ಮ ಕಡೆ 'ಹಳೇದಾಯ್ತು' ಅನ್ನುವ ಮಾತನ್ನು ಗಾಡಿಗಿಂತ ದೊಡ್ಡದಕ್ಕೂ ಬಳಸಿದ್ದಾರೆ. ಮೈಸೂರು ಸಂಸ್ಥಾನದ ಕಾಲದಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿ ನಿಲ್ಲಿಸಿದ ಕಬ್ಬಿಣದ ಕಾರ್ಖಾನೆ, 1923ರ ಜನವರಿಯಲ್ಲಿ ಶುರುವಾದದ್ದು. 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು. ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ತೀರ್ಮಾನ ಬಂತು. ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು, ಆ ವರ್ಷದ ಆಗಸ್ಟಿನಲ್ಲಿ ಒಂದು ಭಾಗ ಮತ್ತೆ ಓಡಿತು. ಆಗಲೂ ಎಷ್ಟು ಜನ ಅಂದರು ಗೊತ್ತಾ, "ಹಳೇ ಫ್ಯಾಕ್ಟರಿ, ಇನ್ನೇನು ಮಾಡ್ತೀರಿ" ಅಂತ! ಅದಿರಿಗೆ ಸ್ವಂತ ಗಣಿ ಇಲ್ಲದೆ, ಹೊಸ ಬಂಡವಾಳ ಇಲ್ಲದೆ ಇಟ್ಟು, ಆಮೇಲೆ ವಯಸ್ಸಿನ ಮೇಲೆ ಗೂಬೆ ಕೂರಿಸುವುದು. ಬೀಡಿಂಗ್ ಬದಲಾಯಿಸದೆ ತಗಡನ್ನು ಬೈದ ಹಾಗೆ. ಅಲ್ಲಿನ ಜನರ ಹೊಟ್ಟೆಪಾಡನ್ನು ನನ್ನ ಕಾರಿಗೆ ಹೋಲಿಸುತ್ತಿಲ್ಲ, ತಪ್ಪು ತಿಳಿಯಬೇಡಿ. ಆದರೆ ನನ್ನ ಗಾಡಿಯ ನೆಲಕ್ಕೆ ತಗಡು ಬೆಸೆದ ಕೈ ಕೆಲಸ ಕಲಿತದ್ದು ಆ ಕಬ್ಬಿಣದ ಊರಿನಲ್ಲಿ.

ಇಷ್ಟು ಹೊತ್ತು ಗುಜರಿಯವರಿಗೆ ಬೈದದ್ದಾಯ್ತು, ಈಗ ನಮ್ಮ ಪಾರ್ಟಿಯವರಿಗೇ ಎರಡು ಮಾತು. 'ರಿಸ್ಟೋರೇಶನ್' ಅನ್ನುವ ಹೆಸರಲ್ಲಿ ನಡೆಯುತ್ತಿರುವ ಶೋಕಿ ಇದೆಯಲ್ಲ, ಅದು ನನಗೆ ಗುಜರಿಗಿಂತ ಹೆಚ್ಚು ಬೇಜಾರು. ಬೆಂಗಳೂರಿನ ಒಂದು ಕಡೆ ವಿಚಾರಿಸಿದೆ. ಒಂಬತ್ತು ಲಕ್ಷ ಅಂದರು. ಮುತ್ತಿನ ಹೊಳಪಿನ ಬಣ್ಣ, ದೊಡ್ಡ ಅಲಾಯ್ ವೀಲ್, ಕೆಂಪು ಲೆದರ್ ಸೀಟು, ಬೇಕಾದರೆ ಇಂಜಿನ್ನೂ ಬೇರೆ. (ಕಾಯ್ದೆಯ 52ನೇ ಸೆಕ್ಷನ್ ಅಂತ ಒಂದಿದೆ, ಕಂಪನಿಯ ಮೂಲ ಸ್ವರೂಪ ಮನಬಂದಂತೆ ಬದಲಾಯಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ ಅನ್ನುವುದು ಅವರಿಗೆ ನೆನಪಿದ್ದ ಹಾಗಿರಲಿಲ್ಲ.) ಕೊನೆಗೆ ಡ್ರೋನ್ ಹಾರಿಸಿ ಒಂದು ರೀಲು. ಆ ಕೆಂಪು ಸೀಟಿನ ಮೇಲೆ ಅಡಿಕೆ ಚೀಲ ಹಾಕುತ್ತೀರಾ? ಇಲ್ಲ ತಾನೆ? ಹಾಗಾದರೆ ಅದು ನಮ್ಮ ಗಾಡಿ ಹೇಗಾಗುತ್ತದೆ? ನಮ್ಮದರ ಹಿಂದಿನ ಗಾಜಿನ ಗೀರು ಹಾಗೇ ಇದೆ, ಹೊಸ ಗಾಜು ಸಿಗಲಿಲ್ಲ, ಹುಡುಕುವುದನ್ನೂ ಬಿಟ್ಟೆ. ಡ್ಯಾಶ್‌ಬೋರ್ಡಿನ ಮೇಲೆ ತಂಗಿ ಕಂಪಾಸಿನಲ್ಲಿ ಕೆತ್ತಿದ ಅವಳ ಹೆಸರನ್ನು ಪಾಲಿಶ್ ಮಾಡಿ ತೆಗೆಯುತ್ತೇನೆ ಅಂದ ಹುಡುಗನನ್ನು ತಡೆದದ್ದೂ ನಾನೇ.

ಕಂಪನಿಗಳಿಗಂತೂ ನೆನಪಿನ ಬೆಲೆ ಚೆನ್ನಾಗಿ ಗೊತ್ತು. 2025ರ ನವೆಂಬರಿನಲ್ಲಿ ಸಿಯೆರಾ ಅನ್ನುವ ಹಳೇ ಹೆಸರಲ್ಲೇ ಹೊಚ್ಚಹೊಸ ಎಸ್‌ಯುವಿ ಬಂತು. ಗಾಡಿ ಚೆನ್ನಾಗಿರಬಹುದು, ನನಗೆ ತಕರಾರಿಲ್ಲ. ಆದರೆ ನನಗೆ ಗುಜರಿ ಉಪದೇಶ ಮಾಡಿದ ಇಬ್ಬರು ಅದರ ಫೋಟೋ ಹಾಕಿಕೊಂಡು "ಬಾಲ್ಯದ ನೆನಪು" ಅಂತ ಬರೆದಿದ್ದರು! ಶೋರೂಮಿನಲ್ಲಿ ಇಎಂಐ ಮೇಲೆ ಸಿಕ್ಕರೆ ಬಾಲ್ಯದ ನೆನಪು, ಶೆಡ್ಡಿನಲ್ಲಿ ಇದ್ದರೆ ಹುಚ್ಚು. ಹಳೇದನ್ನು ಗುಜರಿಗೆ ಕೊಟ್ಟ ಸರ್ಟಿಫಿಕೇಟ್ ತಂದರೆ ಹೊಸ ಖಾಸಗಿ ಗಾಡಿಯ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿಗೂ ಕೇಂದ್ರದ ನಿಯಮದಲ್ಲಿ ಅವಕಾಶ ಇದೆ. ಹಳೇದನ್ನು ರಿಪೇರಿ ಮಾಡಿಸಿ ಹೊಗೆ ಇಳಿಸಿದವರಿಗೆ ಏನಿದೆ? ಹತ್ತು ಸಾವಿರದ ರಸೀದಿ.

ಇನ್ನು ಚಿಕ್ಕಪ್ಪನ ಪ್ರಶ್ನೆ. ಸೆಂಟಿಮೆಂಟನ್ನು ಟ್ಯಾಂಕಿಗೆ ಹಾಕೋಕಾಗಲ್ಲ, ನಿಜ. ಆದರೆ ಬಾನೆಟ್ ಎತ್ತಿಸುವುದು ಅದೇ ಚಿಕ್ಕಪ್ಪ. ಮರುಮಾರಾಟದ ಬೆಲೆ ನೋಡಿ ಯಾರೂ ಮಳೆಯಲ್ಲಿ ಗಾಡಿಯಡಿ ನುಗ್ಗಿ ನೀರಿನ ತೂತು ಬಿಡಿಸುವುದಿಲ್ಲ. ಅಪ್ಪ ಪ್ರತಿ ಮೇ ತಿಂಗಳ ಕೊನೆಯ ಭಾನುವಾರ, ಮಳೆ ಹಿಡಿಯುವ ಮುಂಚೆ, ಮ್ಯಾಟ್ ಎಲ್ಲ ತೆಗೆದು ಬಿಸಿಲಿಗೆ ಹಾಕಿ, ಹಂಚಿಕಡ್ಡಿ ಹಿಡಿದು ಬಾಗಿಲಿನ ತಳ ಸ್ವಚ್ಛ ಮಾಡುತ್ತಿದ್ದರು. ಆಗ ನಮಗೆ ಅದು ರಜೆ ಹಾಳುಮಾಡುವ ಕೆಲಸ ಅನ್ನಿಸುತ್ತಿತ್ತು. ಅವರು ಇದ್ದಷ್ಟು ದಿನ ನೆಲಕ್ಕೆ ತುಕ್ಕು ಬರಲಿಲ್ಲ. ಕೊಳೆತದ್ದೆಲ್ಲ ಆಮೇಲಿನ ನಾಲ್ಕು ಮಳೆಗಾಲದಲ್ಲಿ.

ನವೆಂಬರಿನಲ್ಲಿ ನವೀಕರಣ ಆಯಿತು. ಆರ್‌ಸಿ ಅಮ್ಮನ ಹೆಸರಲ್ಲಿ, 2030ರ ತನಕ. ಅಮ್ಮನಿಗೆ ಡ್ರೈವಿಂಗ್ ಬರುವುದಿಲ್ಲ, ಆದರೂ ಕಾರ್ಡು ಬಂದ ದಿನ ಎರಡು ಸಲ ಹೆಸರು ಓದಿಕೊಂಡು ದೇವರ ಮನೆಯಲ್ಲಿಟ್ಟರು.

ಕೊನೆಗೊಂದು ಸ್ವಂತದ ಕೋರಿಕೆ. ಎಸ್ಟೇಟಿನ ಎಡಗಡೆಯ ಹಿಂದಿನ ಲೈಟಿನ ಗಾಜು ಒಡೆದಿದೆ, ಸದ್ಯಕ್ಕೆ ಟೇಪು ಅಂಟಿಸಿದ್ದೇನೆ. ಶಿವಾಜಿನಗರದ ಗುಜರಿ ಅಂಗಡಿಗಳನ್ನೂ ಜೆ.ಸಿ. ರಸ್ತೆಯನ್ನೂ ಜಾಲಾಡಿದ್ದಾಯ್ತು, ಬಲಗಡೆಯದೇ ಸಿಗುತ್ತದೆ ಮಾರಾಯ್ರೆ, ಎಡಗಡೆಯದು ಇಲ್ಲ. ನಿಮ್ಮೂರಿನ ಯಾವುದಾದರೂ ಗ್ಯಾರೇಜಿನ ಅಟ್ಟದಲ್ಲಿ ಕಂಡರೆ ಕೆಳಗೆ ಒಂದು ಸಾಲು ಬರೆದು ತಿಳಿಸಿ. ಬಸ್ ಚಾರ್ಜ್ ನನ್ನದು.